ಸೊನ್ನೆ ತೋರಿಸುವ ವರದಿ: ಲಿನಕ್ಸ್‌ನ ಹಳೆಯ ಲಾಗಿನ್ ದಾಖಲೆಗಳು ನಿವೃತ್ತಿಯಾದ ಮೇಲೆ

ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13 ಹಾಕಿದ ಸರ್ವರ್ ಮುಂದೆ ಕೂತು ಲಾಸ್ಟ್‌ಬಿ ಎಂದು ಟೈಪ್ ಮಾಡಿ ನೋಡಿ. ಅಂಥ ಕಮಾಂಡೇ ಇಲ್ಲ ಎನ್ನುತ್ತದೆ. 2025ರ ಆಗಸ್ಟ್ 9ರಂದು ಬಂದ ಈ ಆವೃತ್ತಿಯಲ್ಲಿ ಲಾಸ್ಟ್, ಲಾಸ್ಟ್‌ಬಿ, ಲಾಸ್ಟ್‌ಲಾಗ್ ಮೂರನ್ನೂ ಕೈಬಿಟ್ಟಿದ್ದಾರೆ. ಯಾರು ಯಾವಾಗ ಒಳಗೆ ಬಂದರು, ಯಾರು ತಪ್ಪು ಪಾಸ್‌ವರ್ಡ್ ಹೊಡೆದು ಹೊರಗೇ ಉಳಿದರು ಎಂದು ದಶಕಗಳಿಂದ ಹೇಳುತ್ತಿದ್ದ ಕಮಾಂಡ್‌ಗಳಿವು. ಲಾಸ್ಟ್ ಯಶಸ್ವಿ ಲಾಗಿನ್‌ಗಳಿಗೆ, ಲಾಸ್ಟ್‌ಬಿ ವಿಫಲವಾದವಕ್ಕೆ, ಲಾಸ್ಟ್‌ಲಾಗ್ ಪ್ರತಿ ಬಳಕೆದಾರನ ಕೊನೆಯ ಲಾಗಿನ್‌ಗೆ.

ಇದು ದೊಡ್ಡ ಕಂಪನಿಗಳ ತಲೆನೋವು, ನಮಗೇನು ಅನ್ನಿಸಬಹುದು. ಆದರೆ ಗೋಕುಲ ರೋಡಿನ ಕಾರ್ಖಾನೆ, ಧಾರವಾಡದ ಕಾಲೇಜು ಲ್ಯಾಬ್, ಗದಗಿನ ಪತ್ತಿನ ಸಂಘ, ಬ್ಯಾಡಗಿಯ ದಲಾಲಿ ಅಂಗಡಿ ಇಂಥ ಕಡೆ ಮೂಲೆಯಲ್ಲಿ ಒಂದು ಲಿನಕ್ಸ್ ಪೆಟ್ಟಿಗೆ ಇರುವುದು ಈಗ ಸಾಮಾನ್ಯ. ಫೈಲ್ ಇಡಲು, ಬ್ಯಾಕಪ್ ತೆಗೆಯಲು, ಬಿಲ್ಲಿಂಗ್ ಓಡಿಸಲು ಅದು ಬೇಕು. ಯಾರೋ ಒಬ್ಬರು ಹಾಕಿಕೊಟ್ಟು ಹೋಗಿರುತ್ತಾರೆ, ಅದು ತನ್ನ ಪಾಡಿಗೆ ವರ್ಷಗಟ್ಟಲೆ ಓಡುತ್ತಿರುತ್ತದೆ. ಡೆಬಿಯನ್ 12ಕ್ಕೆ ನಿಯಮಿತ ಭದ್ರತಾ ಬೆಂಬಲ 2026ರ ಜೂನ್‌ವರೆಗೆ ಮಾತ್ರ. ಅದಾದ ಮೇಲೆ 2028ರ ಜೂನ್‌ವರೆಗೆ ಇರುವುದು ದೀರ್ಘಾವಧಿ ಬೆಂಬಲ. ಅಂದರೆ ಈ ಪೆಟ್ಟಿಗೆಗಳೆಲ್ಲ ಒಂದೊಂದಾಗಿ 13ಕ್ಕೆ ಏರಲೇಬೇಕು.

ಹಳೆಯ ದಾಖಲೆಗಳನ್ನು ತೆಗೆದದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಇನ್ನೂ ಮೊದಲೇ ಆಗಬೇಕಿತ್ತು. ಆದರೆ ನಮ್ಮ ಕಡೆ ಅಪ್‌ಗ್ರೇಡ್ ಮಾಡುವ ರೀತಿಯಲ್ಲಿ ಒಂದು ಅಪಾಯ ಇದೆ. ಹಳೆಯದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೊಸದನ್ನು ಯಾರೂ ಜೋಡಿಸುವುದಿಲ್ಲ. ನಡುವೆ ವರದಿ ಮಾತ್ರ ಬರುತ್ತಲೇ ಇರುತ್ತದೆ, ಸೊನ್ನೆ ತೋರಿಸುತ್ತ.

ಗದಗ ಜಿಲ್ಲೆಯ ಒಂದು ಸಣ್ಣ ಸಂಘದಲ್ಲಿ ನಾನು ಇದನ್ನು ಕಣ್ಣಾರೆ ನೋಡಿದೆ. ಅಲ್ಲಿ ಪ್ರತಿ ಸೋಮವಾರ ಒಂದು ಸ್ಕ್ರಿಪ್ಟ್ ಓಡುತ್ತಿತ್ತು. ವಿಫಲ ಲಾಗಿನ್‌ಗಳ ಸಂಖ್ಯೆಯನ್ನು ಒಂದು ಫೈಲಿಗೆ ಬರೆಯುತ್ತಿತ್ತು. ಸೆಕ್ರೆಟರಿಯವರು ಅದರ ಪ್ರಿಂಟ್ ತೆಗೆದು ಸಭೆಯ ಫೈಲಿಗೆ ಹಚ್ಚುತ್ತಿದ್ದರು. ಅಪ್‌ಗ್ರೇಡ್ ಆದ ಮೇಲೆ ನಾನು ಬೇರೇನೋ ಕೆಲಸಕ್ಕೆ ಹೋದಾಗ ಅವರು ಖುಷಿಯಿಂದಲೇ ಹೇಳಿದರು: "ಸರ, ಈಗ ಪೂರಾ ಸೊನ್ನೆ ಐತ್ರೀ. ಕಳ್ಳರೆಲ್ಲಾ ಬಿಟ್ಟು ಹೋದಂಗ ಕಾಣ್ತಾರ."

"ಸಾಹೇಬ್ರ, ಸೊನ್ನೆ ಬಂದ್ರ ಖುಷಿ ಪಡಬ್ಯಾಡ್ರೀ, ಮೊದಲ ಸ್ಕ್ರಿಪ್ಟ್ ತೋರಸ್ರಿ" ಅಂದೆ.

ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು. ಲಾಸ್ಟ್‌ಬಿ ಕೊಟ್ಟ ಪಟ್ಟಿಯನ್ನು ಪೈಪ್ ಮೂಲಕ, ಅಂದರೆ ಒಂದು ಕಮಾಂಡಿನ ಫಲವನ್ನು ನೇರ ಇನ್ನೊಂದಕ್ಕೆ ಹರಿಸಿ, ಸಾಲು ಎಣಿಸುವ ಡಬ್ಲ್ಯುಸಿ ಕಮಾಂಡಿಗೆ ಕೊಡುವುದು. ಲಾಸ್ಟ್‌ಬಿ ಇಲ್ಲವಾದ ಮೇಲೆ ಪೈಪಿನಲ್ಲಿ ಏನೂ ಬರುವುದಿಲ್ಲ. ಡಬ್ಲ್ಯುಸಿ ತನಗೆ ಸಿಕ್ಕಿದ್ದನ್ನು ಎಣಿಸಿ ಸೊನ್ನೆ ಎಂದು ಬರೆಯುತ್ತದೆ. ಪೈಪಿನ ಕೊನೆಯ ಕಮಾಂಡ್ ಸರಿಯಾಗಿ ಮುಗಿದರೆ ಇಡೀ ಸಾಲು ಸರಿಯಾಗಿ ಮುಗಿದಂತೆ ಎಂಬುದು ಕಮಾಂಡ್ ಓಡಿಸುವ ಪ್ರೋಗ್ರಾಂ ಆದ ಶೆಲ್‌ನ ಮೂಲ ನಡತೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಹಚ್ಚದ ಹೊರತು ಎಲ್ಲೂ ಕೆಂಪು ದೀಪ ಹತ್ತುವುದಿಲ್ಲ. ಕಮಾಂಡ್ ಸಿಗಲಿಲ್ಲ ಎಂಬ ದೂರನ್ನು, ಗೊತ್ತುಪಡಿಸಿದ ಸಮಯಕ್ಕೆ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಮೇಲ್ ಮಾಡಲು ನೋಡುತ್ತದೆ. ಆದರೆ ಅಲ್ಲಿ ಮೇಲ್ ಕಳಿಸುವ ವ್ಯವಸ್ಥೆಯೇ ಇರಲಿಲ್ಲ. ಹಾಗಾಗಿ ದೂರು ಅಲ್ಲೇ ಬಿಸಾಡಿ ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹಳೆಯ ಲಾಸ್ಟ್‌ಬಿ ಒಂದೂ ವಿಫಲ ಲಾಗಿನ್ ಇಲ್ಲದಿದ್ದರೂ ಕೊನೆಯಲ್ಲಿ ಒಂದು ಖಾಲಿ ಸಾಲು, ಆಮೇಲೆ ಈ ಫೈಲ್ ಇಂಥ ದಿನದಿಂದ ಶುರುವಾಗಿದೆ ಎಂಬ ಸಾಲು, ಇಷ್ಟನ್ನಾದರೂ ಬರೆಯುತ್ತಿತ್ತು. ಅಂದರೆ ಆ ಸ್ಕ್ರಿಪ್ಟ್ ಸರಿಯಾಗಿ ಓಡಿದ್ದರೆ ಕನಿಷ್ಠ 2 ಬರಬೇಕು. ಸೊನ್ನೆ ಬರಲು ಸಾಧ್ಯವೇ ಇರಲಿಲ್ಲ. ಸೊನ್ನೆಯೇ ಕೆಟ್ಟಿದೆ ಎಂಬುದರ ಗುರುತಾಗಿತ್ತು. ಕಾಗದದ ಮೇಲೆ ಅದು ಒಳ್ಳೆಯ ಸುದ್ದಿಯ ಹಾಗೆ ಕಂಡಿತು, ಅಷ್ಟೇ.

ಇನ್ನು ಹಳೆಯದನ್ನು ಏಕೆ ತೆಗೆದರು ಎಂಬ ಮಾತು. ಮುಖ್ಯ ಕಾರಣ 2038. ಈ ಫೈಲುಗಳಲ್ಲಿ ಸಮಯವನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂದು ಬರೆಯುತ್ತಾರೆ. ಅದಕ್ಕೆ ಕೊಟ್ಟ ಜಾಗ 32 ಬಿಟ್. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,147,483,647. ನಮ್ಮ ಗಡಿಯಾರದಲ್ಲಿ ಅದು 2038ರ ಜನವರಿ 19, ಮಂಗಳವಾರ, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ ಸಂಖ್ಯೆ ತಿರುಗಿ ಬಿದ್ದು, ತಾರೀಕು 1901ರ ಡಿಸೆಂಬರ್‌ಗೆ ಹೋಗುತ್ತದೆ. 64 ಬಿಟ್ ಯಂತ್ರ ಇದೆಯಲ್ಲ, ನಮಗೆ ಯಾಕೆ ಈ ಚಿಂತೆ ಎಂದು ಕೇಳುವವರು ಜಾಸ್ತಿ. ಸಮಸ್ಯೆ ಇರುವುದು ಫೈಲಿನ ರಚನೆಯಲ್ಲಿ. 32 ಬಿಟ್ ಪ್ರೋಗ್ರಾಂಗಳೂ ಅದೇ ಫೈಲ್ ಓದಲಿ ಎಂದು ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 64 ಬಿಟ್ ಯಂತ್ರದಲ್ಲೂ ಆ ಅಂಕಣವನ್ನು 32 ಬಿಟ್‌ನಲ್ಲೇ ಉಳಿಸಿತು. ಒಂದು ದಾಖಲೆ ಅಂದರೆ 384 ಬೈಟ್, ಅದರಲ್ಲಿ ಹೆಸರಿಗೆ 32, ಬಂದ ಕಡೆಯ ವಿಳಾಸಕ್ಕೆ 256 ಎಂದು ಅಳತೆ ಕಟ್ಟಿಟ್ಟದ್ದು. ಒಂದು ಅಂಕಣ ಹಿಗ್ಗಿಸಿದರೆ ಹಳೆಯ ಪ್ರೋಗ್ರಾಂಗಳೆಲ್ಲ ತಪ್ಪು ಓದುತ್ತವೆ. ಹಾಗಾಗಿ ರಿಪೇರಿಗಿಂತ ನಿವೃತ್ತಿಯೇ ಲೇಸು ಎಂದು ತೀರ್ಮಾನಿಸಿದರು.

2038 ಬಿಟ್ಟರೂ ಈ ಫೈಲುಗಳಲ್ಲಿ ಹುಳುಕು ಬೇಕಾದಷ್ಟಿತ್ತು. ಫೇಲ್‌ಲಾಗ್ ಎಂಬುದನ್ನೇ ತೆಗೆದುಕೊಳ್ಳಿ. ಪ್ರತಿ ಬಳಕೆದಾರನಿಗೆ ಎಷ್ಟು ಸಲ ತಪ್ಪಿತು, ಕೊನೆಯ ಸಲ ಯಾವಾಗ, ಯಾವ ಟರ್ಮಿನಲ್‌ನಿಂದ, ಇಷ್ಟೇ ಅದರಲ್ಲಿ ಇರುತ್ತಿದ್ದದ್ದು. ಯಾವ ಐಪಿ ವಿಳಾಸದಿಂದ ಬಂತು ಎಂಬುದಕ್ಕೆ ಜಾಗವೇ ಇಲ್ಲ. ಒಂದು ಕೋಣೆಯಲ್ಲಿ ಒಂದು ಯಂತ್ರ, ಅದಕ್ಕೆ ತಂತಿಯಲ್ಲಿ ಕಟ್ಟಿದ ಹತ್ತಾರು ಟರ್ಮಿನಲ್ ಇದ್ದ ಕಾಲಕ್ಕೆ ಅದು ಸಾಕಿತ್ತು. ಈಗ ಬಾಗಿಲು ತಟ್ಟುವುದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ. ಎಸ್‌ಎಸ್‌ಎಚ್ ತಾನಾಗಿ ಫೇಲ್‌ಲಾಗ್‌ಗೆ ಏನನ್ನೂ ಬರೆಯುವುದಿಲ್ಲ. ಲಾಗಿನ್ ಪರಿಶೀಲಿಸುವ ಪ್ಯಾಮ್ ವ್ಯವಸ್ಥೆಯಲ್ಲಿ ಅದಕ್ಕೆ ಬರೆಯುತ್ತಿದ್ದ ಪ್ಯಾಮ್ ಟ್ಯಾಲಿ ಎಂಬ ಮಾಡ್ಯೂಲನ್ನು 2020ರಲ್ಲೇ, ಲಿನಕ್ಸ್ ಪ್ಯಾಮ್ 1.5 ಬಂದಾಗ, ತೆಗೆದುಹಾಕಿದರು. ಆಮೇಲೂ ಎಷ್ಟೋ ಯಂತ್ರಗಳಲ್ಲಿ ಫೇಲ್‌ಲಾಗ್ ಫೈಲ್ ಉಳಿದಿತ್ತು. ಕಮಾಂಡೂ ಓಡುತ್ತಿತ್ತು. ಬರೆಯುವವರೇ ಇಲ್ಲದ ಫೈಲನ್ನು ಓದಿ ಎಲ್ಲ ಚೆನ್ನಾಗಿದೆ ಎಂದುಕೊಂಡವರು ಎಷ್ಟು ಜನವೋ.

ಲಾಸ್ಟ್‌ಲಾಗ್‌ನ ಕಷ್ಟ ಬೇರೆ. ಅದು ಹಾಸ್ಟೆಲ್ಲಿನ ಹಾಜರಿ ಪುಸ್ತಕದಲ್ಲಿ ರೋಲ್ ನಂಬರಿಗೊಂದು ಪುಟ ಮೊದಲೇ ಮೀಸಲಿಟ್ಟ ಹಾಗೆ. ಬಳಕೆದಾರನ ಸಂಖ್ಯೆ ಎಷ್ಟೋ, ಫೈಲಿನಲ್ಲಿ ಅಷ್ಟು ದೂರ ಹೋಗಿ ಬರೆಯಬೇಕು. ಒಂದು ದಾಖಲೆಗೆ 292 ಬೈಟ್. ದೊಡ್ಡ ಸಂಸ್ಥೆಗಳಲ್ಲಿ ಬಳಕೆದಾರ ಸಂಖ್ಯೆ ನೂರಾರು ಕೋಟಿಗೆ ಹೋಗುತ್ತದೆ. ಅಲ್ಲಿ ಈ ಫೈಲಿನ ಗಾತ್ರ ಟೆರಾಬೈಟ್ ದಾಟಿದ ಹಾಗೆ ಕಾಣುತ್ತದೆ. ಡಿಸ್ಕಿನಲ್ಲಿ ನಿಜವಾಗಿ ತುಂಬಿದ್ದು ಕೆಲವು ಕಿಲೋಬೈಟ್ ಮಾತ್ರ. ಇದು ತಿಳಿಯದ ಬ್ಯಾಕಪ್ ಸಾಫ್ಟ್‌ವೇರ್ ಖಾಲಿ ಜಾಗವನ್ನೆಲ್ಲ ನಕಲು ಮಾಡಲು ಕೂರುತ್ತದೆ.

ನನಗೆ ಎಲ್ಲಕ್ಕಿಂತ ಕಳವಳ ತಂದದ್ದು ಬಿಟಿಎಂಪಿ, ಅಂದರೆ ಲಾಸ್ಟ್‌ಬಿ ಓದುತ್ತಿದ್ದ ಫೈಲ್. ಅವಸರದಲ್ಲಿ ಹೆಸರಿನ ಜಾಗದಲ್ಲೇ ಪಾಸ್‌ವರ್ಡ್ ಟೈಪ್ ಮಾಡುವುದು ಎಲ್ಲರಿಗೂ ಆಗುವಂಥದ್ದು, ಅಲ್ವಾ? ಆ ಪಾಸ್‌ವರ್ಡ್ ಬಳಕೆದಾರನ ಹೆಸರು ಎಂದು ಲೆಕ್ಕವಾಗಿ ಆ ಫೈಲಿಗೆ ಹೋಗಿ ಕೂರುತ್ತದೆ. ಮುಚ್ಚುಮರೆ ಇಲ್ಲ, ನೇರ ಓದಬಹುದು. ಅದರ ಮುಂದಿನ ಯಶಸ್ವಿ ಲಾಗಿನ್ ಯಾರದು ಎಂದು ನೋಡಿದರೆ ಪಾಸ್‌ವರ್ಡ್ ಯಾರದು ಎಂಬುದೂ ತಿಳಿದಂತೆಯೇ. ಈ ಕಾರಣಕ್ಕೇ ಆ ಫೈಲನ್ನು ಸಾಮಾನ್ಯ ಬಳಕೆದಾರರಿಗೆ ಓದಲು ಬಿಡುತ್ತಿರಲಿಲ್ಲ. ಇನ್ನೊಂದು: ಬಿಟಿಎಂಪಿ ಫೈಲ್ ಇದ್ದರೆ ಮಾತ್ರ ಅದಕ್ಕೆ ಬರೆಯುವುದು. ಯಾರಾದರೂ ಡಿಸ್ಕ್ ಜಾಗ ಸಾಲದು ಎಂದು ಅಳಿಸಿದರೆ ದಾಖಲಾತಿ ನಿಂತೇ ಹೋಗುತ್ತಿತ್ತು. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಲೈಬ್ರರಿಯಲ್ಲಂತೂ ಈ ಬಗೆಯ ದಾಖಲೆಯ ಕಾರ್ಯಗಳೆಲ್ಲ ಹೆಸರಿಗೆ ಮಾತ್ರ ಇವೆ, ಏನನ್ನೂ ಬರೆಯುವುದಿಲ್ಲ.

ಹಳೆಯದರ ಜಾಗಕ್ಕೆ ಏನು ಬಂತು? ಯಶಸ್ವಿ ಲಾಗಿನ್‌ಗೆ ಡಬ್ಲ್ಯುಟಿಎಂಪಿಡಿಬಿ, ಕೊನೆಯ ಲಾಗಿನ್‌ಗೆ ಲಾಸ್ಟ್‌ಲಾಗ್2. ಎರಡನ್ನೂ ಶುರು ಮಾಡಿದ್ದು ಸೂಸೆ ಎಂಬ ಲಿನಕ್ಸ್ ಕಂಪನಿಯ ಥಾರ್ಸ್ಟನ್ ಕುಕುಕ್. ಎರಡೂ ಸೀಕ್ವೆಲೈಟ್ ಡೇಟಾಬೇಸ್ ಬಳಸುತ್ತವೆ, ಸಮಯಕ್ಕೆ 64 ಬಿಟ್ ಜಾಗ. ಡೆಬಿಯನ್ 13ರಲ್ಲಿ ಬೇಕಾದವರು ಇವನ್ನು ತಾವೇ ಹಾಕಿಕೊಳ್ಳಬೇಕು. ಜೊತೆಗೆ ಅವುಗಳ ಪ್ಯಾಮ್ ಮಾಡ್ಯೂಲ್ ಪ್ಯಾಕೇಜನ್ನೂ ಹಾಕಬೇಕು, ಇಲ್ಲದಿದ್ದರೆ ಕಮಾಂಡ್ ಇದ್ದೂ ದಾಖಲೆ ಬೀಳುವುದಿಲ್ಲ.

ವಿಫಲ ಲಾಗಿನ್‌ಗೆ ಮಾತ್ರ ಹೀಗೆ ನೇರ ಉತ್ತರಾಧಿಕಾರಿ ಇಲ್ಲ. ಬಿಡುಗಡೆ ಟಿಪ್ಪಣಿ ಎಲ್ಎಸ್‌ಲಾಗಿನ್ಸ್ ಕಮಾಂಡಿನ ಫೇಲ್ಡ್ ಆಯ್ಕೆಯ ಕಡೆ ಬೆರಳು ಮಾಡುತ್ತದೆ. ಆದರೆ ಅದು ಯಂತ್ರದಲ್ಲಿ ಇರುವ ಖಾತೆಗಳ ಪಟ್ಟಿ ಹಿಡಿದು ಹೊರಡುತ್ತದೆ, ಖಾತೆಗೊಂದು ಸಾಲು. ಇಲ್ಲದ ಹೆಸರಿನಿಂದ ತಟ್ಟಿದವರು ಅದರಲ್ಲಿ ಕಾಣುವುದಿಲ್ಲ. ಪೂರ್ತಿ ಕಥೆ ಬೇಕಾದರೆ, ಯಂತ್ರದ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಂಡಿ ಬರೆದಿಡುವ ಜರ್ನಲ್ ಓದಬೇಕು. ಮೊದಲಿನಿಂದ ಇದ್ದ ಯಂತ್ರಗಳಲ್ಲಿ ಆಥ್ ಲಾಗ್ ಎಂಬ ಪಠ್ಯದ ಫೈಲೂ ಉಳಿದಿರಬಹುದು. 2023ರ ಡೆಬಿಯನ್ 12ರಿಂದ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಆ ಫೈಲನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಹಾಗಾಗಿ ಆಥ್ ಲಾಗ್ ಕೂಡ ಇಲ್ಲ.

ಜರ್ನಲ್‌ಗೆ ಹೋಗುವುದರಿಂದ ಲಾಭ ದೊಡ್ಡದು. ಹಳೆಯ ಏರ್ಪಾಡಿನಲ್ಲಿ ಗೆದ್ದ ಲಾಗಿನ್ ಒಂದು ಫೈಲ್, ಸೋತದ್ದು ಇನ್ನೊಂದು ಫೈಲ್. ಎರಡನ್ನೂ ಪಕ್ಕಪಕ್ಕ ಇಟ್ಟು ಹೊಂದಿಸುವ ಕೆಲಸ ನಮ್ಮದು. ನಿಜ ಹೇಳಬೇಕೆಂದರೆ ಯಾರೂ ಹೊಂದಿಸುತ್ತಿರಲಿಲ್ಲ. ಜರ್ನಲ್‌ನಲ್ಲಿ ಎರಡೂ ಒಂದೇ ಸರಣಿಯಲ್ಲಿ ಬರುತ್ತವೆ, ಸಮಯದ ಪ್ರಕಾರ. ಒಂದು ಸಾಲು ಹೇಗಿರುತ್ತದೆ ನೋಡಿ. ಮೊದಲು ತಾರೀಕು ಮತ್ತು ಸಮಯ. ಆಮೇಲೆ ಯಂತ್ರದ ಹೆಸರು. ಆಮೇಲೆ ಬರೆದ ಪ್ರೋಗ್ರಾಮಿನ ಹೆಸರು ಮತ್ತು ಅದರ ಸಂಖ್ಯೆ. ಕೊನೆಗೆ, ಇಂಥ ಹೆಸರಿನ ಬಳಕೆದಾರ ಇಲ್ಲ, ಈ ಐಪಿಯಿಂದ ಈ ಪೋರ್ಟಿನಿಂದ ಬಂತು ಎಂಬ ಒಕ್ಕಣೆ.

ಇಂಟರ್ನೆಟ್ಟಿಗೆ ತೆರೆದ ಯಾವ ಸರ್ವರ್‌ನಲ್ಲೂ ಇಂಥ ಸಾಲು ಸಾವಿರಗಟ್ಟಲೆ ಬೀಳುತ್ತವೆ. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಒರಾಕಲ್, ಪೋಸ್ಟ್‌ಗ್ರೆಸ್ ಇವೇ ಹೆಸರುಗಳು ತಿರುಗಿ ತಿರುಗಿ ಬರುತ್ತವೆ. ಇದು ನಿಮ್ಮ ಸಂಘವನ್ನು ಹುಡುಕಿಕೊಂಡು ಬಂದ ಶತ್ರು ಅಲ್ಲ. ಇರುವ ಎಲ್ಲ ಐಪಿಗಳನ್ನೂ ಸರದಿಯಲ್ಲಿ ತಟ್ಟುತ್ತ ಹೋಗುವ ಬಾಟ್‌ಗಳು. ಇವುಗಳ ಒಟ್ಟು ಸಂಖ್ಯೆ ಈ ವಾರ ಏರಿತೋ ಇಳಿಯಿತೋ ಎಂದು ಸಭೆಯಲ್ಲಿ ಓದಿದರೆ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಎರಡು. ಒಂದು, ನಿಜವಾಗಿ ಇರುವ ಸಿಬ್ಬಂದಿಯ ಖಾತೆಯ ಹೆಸರು ಹೊರಗಿನ ಐಪಿಯಿಂದ ಸೋಲುತ್ತಿದೆಯೇ? ಹಾಗಿದ್ದರೆ ಯಾರಿಗೋ ಆ ಹೆಸರು ಗೊತ್ತಿದೆ. ಇನ್ನೊಂದು, ಅದೇ ಐಪಿಯಿಂದ ಸೋಲುಗಳ ಸಾಲಿನ ಬೆನ್ನಿಗೇ ಒಂದು ಗೆಲುವು ಇದೆಯೇ? ಹಾಗಿದ್ದರೆ ಸಂಖ್ಯೆ ಎಷ್ಟೇ ಇರಲಿ, ತಕ್ಷಣ ಆ ಸರ್ವರ್‌ನ ನೆಟ್‌ವರ್ಕ್ ಕೇಬಲ್ ತೆಗೆದು ವಿಚಾರಿಸಬೇಕು. ರಾತ್ರಿ ಎರಡು ಗಂಟೆಗೆ ಅಕೌಂಟ್ಸ್ ಗುಮಾಸ್ತರ ಖಾತೆ ಐದಾರು ಸಲ ಸೋತು ಒಮ್ಮೆ ಗೆದ್ದಿದ್ದರೆ, ಅದೊಂದೇ ಸಾಲು ಉಳಿದ ಸಾವಿರಕ್ಕಿಂತ ಹೆಚ್ಚು.

ಹೊಸದರಲ್ಲೂ ಎಡವುವ ಕಲ್ಲುಗಳಿವೆ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಸರ್ವರ್ ಪ್ರೋಗ್ರಾಮನ್ನು ಒಡೆದು ಭಾಗ ಮಾಡಿದರು. ಅಂದಿನಿಂದ ಎಷ್ಟೋ ಸಾಲುಗಳು ಎಸ್‌ಎಸ್‌ಎಚ್‌ಡಿ ಎಂಬ ಹೆಸರಿನ ಬದಲು ಎಸ್‌ಎಸ್‌ಎಚ್‌ಡಿ ಸೆಷನ್ ಎಂಬ ಹೆಸರಿನಲ್ಲಿ ಬರುತ್ತಿವೆ. ಹಳೆಯ ಹೆಸರಿಗೆ ಬಿಗಿಯಾಗಿ ಕಟ್ಟಿದ ಹುಡುಕು ಸೂತ್ರಕ್ಕೆ ಆ ಸಾಲುಗಳು ಸಿಗುವುದಿಲ್ಲ. ಮತ್ತೆ ಸೊನ್ನೆ. ಪದೇ ಪದೇ ಸೋಲುವ ಐಪಿಗಳನ್ನು ತಡೆಯುವ ಫೇಲ್‌2ಬ್ಯಾನ್ ಬಳಸುವವರು ಇದನ್ನು ವಿಶೇಷವಾಗಿ ಪರೀಕ್ಷಿಸಬೇಕು. ಆಥ್ ಲಾಗ್ ಇಲ್ಲದ ಯಂತ್ರದಲ್ಲಿ ಫೈಲ್ ಹುಡುಕುವ ಫೇಲ್‌2ಬ್ಯಾನ್ ಶುರುವಾಗಲು ನಿರಾಕರಿಸುತ್ತದೆ. ಅದು ಒಳ್ಳೆಯದೇ, ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಓಡುತ್ತಿದ್ದೂ ಯಾರನ್ನೂ ಹಿಡಿಯದ ಫೇಲ್‌2ಬ್ಯಾನ್ ಹೆಚ್ಚು ಅಪಾಯ.

ಅದೇ 9.8ರಲ್ಲಿ ಸರ್ವರ್ ತಾನೇ ದಂಡ ಹಾಕುವ ಏರ್ಪಾಡೂ ಬಂತು. ಒಂದು ವಿಳಾಸದಿಂದ ಲಾಗಿನ್ ಸೋತರೆ 5 ಸೆಕೆಂಡ್ ದಂಡ ಸೇರುತ್ತದೆ. ಒಟ್ಟು 15 ಸೆಕೆಂಡ್ ಮುಟ್ಟಿದರೆ ಆ ವಿಳಾಸಕ್ಕೆ ಬಾಗಿಲು ಬಂದ್. ಹೆಚ್ಚೆಂದರೆ 10 ನಿಮಿಷ. ಒಳ್ಳೆಯ ಏರ್ಪಾಡು. ಆದರೆ ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜು ಲ್ಯಾಬ್ ಒಂದನ್ನು ಊಹಿಸಿಕೊಳ್ಳಿ. ಅಷ್ಟೂ ಕಂಪ್ಯೂಟರ್ ಹೊರಗಿನ ಸರ್ವರ್‌ಗೆ ಒಂದೇ ಐಪಿಯಾಗಿ ಕಾಣುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಮೂರ್ನಾಲ್ಕು ಹುಡುಗರು ಪಾಸ್‌ವರ್ಡ್ ತಪ್ಪಿಸಿದರೆ ಸಾಕು, ಇಡೀ ಲ್ಯಾಬ್‌ಗೆ ಬಾಗಿಲು ಮುಚ್ಚುತ್ತದೆ. ಮೇಷ್ಟ್ರು ನೆಟ್ ಹೋಗಿದೆ ಎಂದು ಕೇಬಲ್ ಹುಡುಕುತ್ತಾರೆ. ಇಂಥ ವಿಳಾಸಕ್ಕೆ ವಿನಾಯಿತಿ ಕೊಡುವ ಸೆಟ್ಟಿಂಗ್ ಇದೆ, ಬಳಸಿಕೊಳ್ಳಬೇಕು.

ಪ್ಯಾಮ್ ಟ್ಯಾಲಿಯ ಜಾಗಕ್ಕೆ ಬಂದ ಪ್ಯಾಮ್ ಫೇಲ್‌ಲಾಕ್ ಇನ್ನೊಂದು. ಹಚ್ಚಿಕೊಂಡರೆ 15 ನಿಮಿಷದೊಳಗೆ 3 ಸಲ ತಪ್ಪಿದ ಖಾತೆಯನ್ನು 10 ನಿಮಿಷ ಮುಚ್ಚುತ್ತದೆ. ಅದರ ಲೆಕ್ಕ ಇರುವುದು ಮೆಮೊರಿಯಲ್ಲಿ, ಕರೆಂಟ್ ಹೋಗಿ ಯಂತ್ರ ಮತ್ತೆ ಎದ್ದರೆ ಲೆಕ್ಕ ಅಳಿಸಿ ಹೋಗುತ್ತದೆ. ಹಾಗಾಗಿ ಅದನ್ನು ತಡೆಗೋಡೆ ಎಂದು ಬಳಸಬಹುದು, ದಾಖಲೆ ಎಂದು ನಂಬಬಾರದು.

ದಾಖಲೆ ಎಷ್ಟು ದಿನ ಇಡಬೇಕು ಎಂಬುದಕ್ಕೆ ಈಗ ಕಾನೂನೇ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವೆ ಒದಗಿಸುವವರು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು ಹಿಂದಿನ 180 ದಿನಗಳವರೆಗೆ ಇಟ್ಟಿರಬೇಕು ಎನ್ನುತ್ತದೆ. ಅನಧಿಕೃತ ಪ್ರವೇಶದಂಥ ಘಟನೆ ಗೊತ್ತಾದರೆ 6 ಗಂಟೆಯೊಳಗೆ ತಿಳಿಸಬೇಕು. ಯಂತ್ರದ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. 2025ರ ನವೆಂಬರ್‌ನಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ನಿಯಮಗಳು ಇನ್ನೂ ಮುಂದೆ ಹೋಗಿ, ಇಂಥ ಲಾಗ್‌ಗಳನ್ನು ಒಂದು ವರ್ಷ ಇಡಬೇಕು ಎನ್ನುತ್ತವೆ. ಆ ಭಾಗಕ್ಕೆ ಜಾರಿಯಾಗಲು 18 ತಿಂಗಳ ಗಡುವು ಕೊಟ್ಟಿದ್ದಾರೆ.

ಯಂತ್ರ ತಾನಾಗಿ ಎಷ್ಟು ಇಡುತ್ತದೆ? ಡೆಬಿಯನ್‌ನ ಆಥ್ ಲಾಗ್ ವಾರಕ್ಕೊಮ್ಮೆ ಮಗುಚಿ, ಅಂದರೆ ಹಳೆಯ ಫೈಲ್ ಪಕ್ಕಕ್ಕಿಟ್ಟು ಹೊಸದನ್ನು ಶುರು ಮಾಡಿ, ಹಳೆಯ ನಾಲ್ಕು ವಾರದ್ದನ್ನು ಇಟ್ಟು ಉಳಿದದ್ದನ್ನು ಎಸೆಯುತ್ತದೆ. ಬಿಟಿಎಂಪಿ ತಿಂಗಳಿಗೊಮ್ಮೆ ಮಗುಚಿ, ಹಿಂದಿನ ಒಂದೇ ತಿಂಗಳು ಇಡುತ್ತಿತ್ತು. ಜರ್ನಲ್‌ಗೆ ದಿನಗಳ ಲೆಕ್ಕವೇ ಇಲ್ಲ. ಡಿಸ್ಕಿನ ಶೇ. 10ರಷ್ಟು ಜಾಗ, ಹೆಚ್ಚೆಂದರೆ 4 ಜಿಬಿ ತುಂಬಿದರೆ ಹಳೆಯದನ್ನು ಅಳಿಸುತ್ತದೆ. ಬಾಟ್‌ಗಳು ಜೋರಾಗಿ ತಟ್ಟುವ ಯಂತ್ರದಲ್ಲಿ ಆ ಜಾಗ ಬೇಗ ತುಂಬುತ್ತದೆ. ಅಂದರೆ ಹಳೆಯದಾಗಲಿ ಹೊಸದಾಗಲಿ, ಯಾರೂ ಕೈ ಹಚ್ಚದಿದ್ದರೆ 180 ದಿನ ಸಿಗುತ್ತದೆ ಎಂಬ ಭರವಸೆ ಇಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು. ಇಲ್ಲಿಯ ಸಂಘಗಳು ಠೇವಣಿ, ಸಾಲದ ಲೆಕ್ಕದ ಪುಸ್ತಕವನ್ನು ಎಷ್ಟು ಜತನದಿಂದ ಕಾಯುತ್ತವೆ ಎಂದು ನೋಡಿದ್ದೇನೆ. ಆ ಲೆಕ್ಕವೆಲ್ಲ ಈಗ ಕಂಪ್ಯೂಟರ್‌ನಲ್ಲಿ ಇರುವಾಗ, ಆ ಕಂಪ್ಯೂಟರ್‌ಗೆ ಯಾರು ಕೈ ಹಾಕಿದರು ಎಂಬ ದಾಖಲೆಗೂ ಅದೇ ಜತನ ಸಲ್ಲಬೇಕು.

ಹಾಗಾದರೆ ಅಪ್‌ಗ್ರೇಡ್ ಮಾಡುವವರು ಏನು ಮಾಡಬೇಕು? ಮೊದಲು ಎಲ್ಲ ಸ್ಕ್ರಿಪ್ಟ್ ಮತ್ತು ಕ್ರಾನ್ ಸಾಲುಗಳಲ್ಲಿ ಹಳೆಯ ಕಮಾಂಡ್‌ಗಳ ಹೆಸರು ಹುಡುಕಿ. ಜರ್ನಲ್‌ಗೆ ಎಷ್ಟು ದಿನ, ಎಷ್ಟು ಜಾಗ ಎಂದು ನೀವೇ ಬರೆದಿಡಿ. ಸಾಧ್ಯವಾದರೆ ಲಾಗ್‌ನ ಒಂದು ಪ್ರತಿ ಅದೇ ಕ್ಷಣಕ್ಕೆ ಬೇರೆ ಯಂತ್ರಕ್ಕೆ ಹೋಗುವ ಹಾಗೆ ಮಾಡಿ. ಒಳಗೆ ನುಗ್ಗಿದವನು ಮೊದಲು ಅಳಿಸುವುದು ತನ್ನ ಹೆಜ್ಜೆ ಗುರುತನ್ನೇ.

ಆಮೇಲೆ ಒಂದು ಪರೀಕ್ಷೆ. ಇದನ್ನು ಮಾತ್ರ ಬಿಡಬೇಡಿ. ಅಪ್‌ಗ್ರೇಡ್ ಮುಗಿದ ದಿನವೇ ಬೇರೆ ಕಂಪ್ಯೂಟರ್‌ನಿಂದ ಬೇಕೆಂದೇ ತಪ್ಪು ಪಾಸ್‌ವರ್ಡ್ ಹೊಡೆಯಿರಿ. ಒಮ್ಮೆ ಇರುವ ಹೆಸರಿನಿಂದ, ಒಮ್ಮೆ ಇಲ್ಲದ ಹೆಸರಿನಿಂದ. ಸಮಯ ಕಾಗದದ ಮೇಲೆ ಬರೆದುಕೊಳ್ಳಿ. ಆ ಎರಡೂ ಸಾಲು ಅದೇ ಸಮಯದೊಂದಿಗೆ, ನಿಮ್ಮ ಐಪಿಯೊಂದಿಗೆ ಸೋಮವಾರದ ವರದಿಯವರೆಗೂ ತಲುಪಬೇಕು. ಜರ್ನಲ್‌ನಲ್ಲಿ ಕಂಡರೆ ಸಾಲದು, ಕೊನೆಯಲ್ಲಿ ಓದುವವರ ಕೈಗೆ ಬಂದಿರಬೇಕು. ಗದಗಿನ ಆ ಸಂಘದಲ್ಲಿ ಈಗ ಸ್ಕ್ರಿಪ್ಟ್ ತಾನೇ ವಾರಕ್ಕೊಮ್ಮೆ ಗೊತ್ತಿರುವ ಒಂದು ಸುಳ್ಳು ಹೆಸರಿನಿಂದ ತಟ್ಟುತ್ತದೆ. ಆ ಹೆಸರು ವರದಿಯಲ್ಲಿ ಇಲ್ಲದಿದ್ದರೆ ವರದಿಯೇ ಕೆಟ್ಟಿದೆ ಎಂದು ಸೆಕ್ರೆಟರಿಯವರಿಗೆ ಗೊತ್ತು. ಅವರು ಲಿನಕ್ಸ್ ಕಲಿಯಬೇಕಾಗಿ ಬರಲಿಲ್ಲ.

ಇನ್ನು ಹಳೆಯ ಫೈಲುಗಳ ವಿಷಯ. ಡೆಬಿಯನ್ 13ರ ಬಿಡುಗಡೆ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ: ಹಳೆಯ ಲಾಸ್ಟ್‌ಲಾಗ್ ಮತ್ತು ಬಿಟಿಎಂಪಿ ಓದಲು ಸಾಧನ ಇಲ್ಲ, ಅಪ್‌ಗ್ರೇಡ್ ಆದ ಮೇಲೆ ಅಳಿಸಬಹುದು. ಆದರೆ 180 ದಿನದ ನಿಯಮ ನಿಮಗೆ ಅನ್ವಯಿಸುತ್ತಿದ್ದರೆ ಸುಮ್ನೆ ಅಳಿಸಬೇಡಿ. ಇನ್ನೂ 12ರಲ್ಲಿ ಇರುವಾಗಲೇ ಲಾಸ್ಟ್‌ಬಿ ಓಡಿಸಿ, ಅದರ ಪಟ್ಟಿಯನ್ನು ಸಾದಾ ಪಠ್ಯದ ಫೈಲಿಗೆ ತೆಗೆದಿಡಿ. ಮಗುಚಿಟ್ಟ ಹಿಂದಿನ ತಿಂಗಳ ಫೈಲನ್ನೂ ಹಾಗೇ ಮಾಡಿ. ಅದರಲ್ಲಿ ಯಾರದೋ ಪಾಸ್‌ವರ್ಡ್ ಹೆಸರಿನ ರೂಪದಲ್ಲಿ ಇರಬಹುದು ಎಂಬುದು ನೆನಪಿರಲಿ. ಆ ಪಠ್ಯವನ್ನು ರೂಟ್ (ಯಂತ್ರದ ಮುಖ್ಯ ಖಾತೆ) ಬಿಟ್ಟು ಬೇರೆ ಯಾರೂ ಓದದ ಹಾಗೆ ಇಡಿ. ಯಾವುದಾದರೂ ಹೆಸರು ಪಾಸ್‌ವರ್ಡ್‌ನಂತೆ ಕಂಡರೆ ಆ ಸಿಬ್ಬಂದಿಗೆ ಅದೇ ದಿನ ಬದಲಿಸಲು ಹೇಳಿ. 180 ದಿನ ಕಳೆದ ಮೇಲೆ ಆ ಫೈಲನ್ನು ಅಳಿಸಿ.